ಗೆಜ್ಜೆಯ ಈಟಿಯಿಂದ ಮೋಟಾರು ಸೈಕಲಿಗೆ

ಊಟದ ಪೊಟ್ಟಣ ತಂದ ಹುಡುಗನಿಗೆ ಒಂದು ಲೋಟ ನೀರು ಬೇಕೇ ಎಂದು ನೀವು ಕೇಳುವಷ್ಟರಲ್ಲಿ ಅವನ ಮೋಟಾರು ಸೈಕಲು ಬೀದಿಯ ತಿರುವು ದಾಟಿರುತ್ತದೆ. ಸೌಜನ್ಯವಿಲ್ಲವೆಂದು ಗೊಣಗುವ ಮುನ್ನ ಅವನ ಹಿರಿಯರನ್ನಿಷ್ಟು ನೆನೆಯೋಣ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಮೊದಲಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಅಂಚೆಯ ಓಟಗಾರನು ಹೆಗಲಿಗೆ ಚೀಲ, ಕೈಗೆ ಗೆಜ್ಜೆ ಕಟ್ಟಿದ ಈಟಿ ಹಿಡಿದು ತನ್ನ ಪಾಲಿನ ದಾರಿ ಓಡಿ, ಮುಂದಿನವನಿಗೆ ಚೀಲ ಒಪ್ಪಿಸಿದರೆ ಆಯಿತು. ಕಾಡುಮೃಗಗಳ ಭಯವಿತ್ತು, ನಿಜ. ಆದರೆ ಅವನ ಓಟಕ್ಕೆ ಕೊನೆಯೆಂಬುದೂ ಇತ್ತು. ಬಳಿಕ ಟಪಾಲು ಹೊತ್ತ ಮೋಟಾರು ಬಸ್ಸಿನ ಚಾಲಕನಿಗೂ ಹೊತ್ತು ಗೊತ್ತು ಇದ್ದಿತು.

ಇಂದಿನವನಿಗೆ ಒಂದನ್ನು ಒಪ್ಪಿಸಿದೊಡನೆ ಇನ್ನೊಂದು ಕರೆ. ತಿಂಗಳ ಸಂಬಳವಿಲ್ಲ, ಪೊಟ್ಟಣದ ಲೆಕ್ಕಕ್ಕೆ ಕೂಲಿ. ಹಿಂದಿನವರ ನಿಷ್ಠೆ ಇವನಲ್ಲಿಲ್ಲ ಎನ್ನುವವರುಂಟು. ನಾನು ಒಪ್ಪಲಾರೆ. ನಿಷ್ಠೆ ತೋರಲು ಎದುರಿಗೊಬ್ಬ ಧಣಿಯಾದರೂ ಕಾಣಬೇಡವೇ? ಇಂಥವರ ಸಾಮಾಜಿಕ ಭದ್ರತೆಗೆಂದು ಕರ್ನಾಟಕದಲ್ಲಿ ಕಾಯಿದೆಯಾದದ್ದೇ 2025ರಲ್ಲಿ.