ಅವ್ವನ ಗಂಟುಗಳು

ಹೊಂಗಡಹಳ್ಳದ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿತ್ತು. ಅದರ ತುಂಬ ಬಟ್ಟೆಯ ಗಂಟುಗಳು. ಸೀರೆಯ ಸೆರಗು, ಪಂಚೆಯ ಅಂಚು, ಹರಿದ ರವಿಕೆ, ನಮ್ಮ ಲಂಗದ ನೆರಿಗೆ, ಹೀಗೆ ಬಿಸಾಡಲು ಮನಸ್ಸಾಗದ್ದನ್ನೆಲ್ಲ ಅವ್ವ ಒಗೆದು, ಒಣಗಿಸಿ, ನಡುವೆ ಬಜೆಯ ಬೇರು ಇಟ್ಟು ಗಂಟು ಕಟ್ಟುತ್ತಿದ್ದಳು. ಅಟ್ಟಕ್ಕೆ ಒಲೆಯ ಹೊಗೆ ತಾಗುತ್ತಿದ್ದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಯಲ್ಲೂ ಅವು ಬೆಚ್ಚಗಿರುತ್ತಿದ್ದವು.

ಕೌದಿ ಎಂದರೆ ಉತ್ತರ ಕರ್ನಾಟಕದ ನೆನಪಾಗುತ್ತದೆ. ನಮ್ಮ ಸಕಲೇಶಪುರದ ಕಡೆ ಚಳಿಗೂ ಮಳೆಗೂ ಕಂಬಳಿಯೇ. ಗದ್ದೆಗೆ ಹೋಗುವವರು ಅದನ್ನೇ ಕೊಪ್ಪೆ ಮಾಡಿ ಹೊದೆಯುತ್ತಿದ್ದರು. ಆದರೆ ಹಸುಗೂಸಿಗೆ ಕಂಬಳಿ ಚುಚ್ಚುತ್ತದಲ್ಲ! ಹಾಗಾಗಿ ಬಾಣಂತಿಯಿರುವ ಮನೆಯಲ್ಲಿ ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಕೂಡಿಸಿ, ಉದ್ದಕ್ಕೂ ಸೂಜಿ ಮುಳುಗಿ ಏಳುವಂತೆ ಸಾಲು ಸಾಲಾಗಿ ಹೊಲಿಯುತ್ತಿದ್ದರು. ಹೊಸ ಬಟ್ಟೆ ಇದಕ್ಕೆ ಆಗದು. ಐವತ್ತು ಸಲ ಒಗೆಸಿಕೊಂಡು ಮೆತ್ತಗಾದದ್ದೇ ಬೇಕು.

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವಳು. ಪ್ರತಿ ವರ್ಷ ಮಕ್ಕಳಿಗೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕತೆ ಹೇಳುತ್ತೇನೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆಸಿದಾಗ ಸಿಕ್ಕ ಮಡಕೆ ಚೂರಿಗಿಂತ ಅದು ಯಾವ ಪದರದಲ್ಲಿ ಸಿಕ್ಕಿತು ಎಂಬುದೇ ಮುಖ್ಯವಾಗಿತ್ತು, ಪದರ ಕಲಸಿದರೆ ಚೂರು ಬರೀ ಚೂರು, ಎಂದು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸುತ್ತೇನೆ. ಇಷ್ಟು ಗೊತ್ತಿದ್ದವಳು ಮಾಡಿದ ಕೆಲಸ ಕೇಳಿ.

ಹನ್ನೆರಡು ವರ್ಷದ ಹಿಂದೆ ಅವ್ವ ಕಣ್ಣಿನ ಆಪರೇಷನ್ನಿಗೆಂದು ಹಾಸನದಲ್ಲಿ ತಮ್ಮನ ಮನೆಗೆ ಹೋಗಿದ್ದಳು. ನನಗೆ ಬೇಸಿಗೆ ರಜೆ. ಟ್ರಂಕು ಇಳಿಸಿ ಗಂಟುಗಳನ್ನೆಲ್ಲ ಬಿಚ್ಚಿದೆ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಎಂದು ಬಣ್ಣದ ಪ್ರಕಾರ ವಿಂಗಡಿಸಿದೆ. ಹೊಲಿಯಲು ಸುಲಭವಾಗಲಿ ಎಂದು ಎಲ್ಲವನ್ನೂ ಗೇಣುದ್ದದ ಚೌಕಗಳಾಗಿ ಕತ್ತರಿಸಿ, ಇಸ್ತ್ರಿ ಮಾಡಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಜೋಡಿಸಿದೆ. ಮೂರು ದಿನದ ಕೆಲಸ. ಅಂಗಡಿಯ ಹಾಗೆ ಕಾಣುತ್ತಿತ್ತು. ಅವ್ವ ಬಂದು ನೋಡಿದಳು. ಒಂದೆರಡು ಮುಚ್ಚಳ ತೆಗೆದು ಮುಚ್ಚಿದಳು. "ಚೆನ್ನಾಗೈತೆ ಮಗ" ಅಂದಳು. ಆಮೇಲೆ ಆ ಡಬ್ಬಿಗಳನ್ನು ಅವಳು ಮುಟ್ಟಿದ್ದನ್ನು ನಾನು ಕಾಣೆ. ನಾನೂ ಕೇಳಲಿಲ್ಲ.

ಈ ವರ್ಷ ಮಗಳಿಗೆ ಏಳು ತಿಂಗಳು ತುಂಬಿತು. ಅಜ್ಜಿಯ ಟ್ರಂಕಿನ ಬಟ್ಟೆಯ ಕೌದಿಯೇ ಬೇಕೆಂದು ಬೆಂಗಳೂರಿನಿಂದ ಹೇಳಿಕಳಿಸಿದಳು. ಡಬ್ಬಿ ತೆಗೆದರೆ ಅರ್ಧಕ್ಕರ್ಧ ಬೂಷ್ಟು. ಮಲೆನಾಡಿನ ತೇವ ಒಳಗೆ ಹೊಕ್ಕರೆ ಪ್ಲಾಸ್ಟಿಕ್ಕಿನಿಂದ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲಿಗೆ ಹರವುತ್ತಿದ್ದಾಗ ಎಂಬತ್ತನಾಲ್ಕರ ಅವ್ವ ಜಗಲಿಗೆ ಬಂದು ಕೂತು, "ಮಗೀಂದು ಎಲ್ಲಿ?" ಎಂದಳು.

ಯಾವ ಮಗು? ನನಗೆ ಮೈ ತಣ್ಣಗಾಯಿತು. ನಾನು ಹುಟ್ಟುವ ಮೊದಲು ನನಗೊಬ್ಬ ಅಣ್ಣನಿದ್ದ. 1966ರಲ್ಲಿ ಮೂರು ವರ್ಷದವನಾಗಿ ಜ್ವರದಲ್ಲಿ ಹೋದ. ಅವನ ಹಳದಿ ಅಂಗಿಯೊಂದು ಬೇರೆಯೇ ಗಂಟಿನಲ್ಲಿತ್ತಂತೆ. ಕತ್ತರಿಸಲೂ ಬಾರದು, ಯಾವ ಕೂಸಿನ ಕೌದಿಗೂ ಸೇರಬಾರದು. ಬಾಳಿ ಬದುಕಿದವರ ಬಟ್ಟೆಯೇ ಎಳೆಗೂಸಿನ ಮೈಗೆ ಸೋಕಬೇಕು. ಅದಕ್ಕೇ ಆ ಗಂಟುಗಳು. ಅವ್ವ ವಿಂಗಡಿಸಿದ್ದು ಬಣ್ಣವನ್ನಲ್ಲ, ಜನರನ್ನು. ಅತ್ತೆಯದೊಂದು, ಅಪ್ಪನದೊಂದು, ನಮ್ಮ ಮೂವರದು ಒಂದೊಂದು. ಅವಳ ಲೆಕ್ಕದ ಪುಸ್ತಕವನ್ನು ನಾನು ಹಾಳೆ ಹಾಳೆ ಹರಿದು, ಅಕ್ಷರದ ಗಾತ್ರ ನೋಡಿ ಜೋಡಿಸಿಟ್ಟಿದ್ದೆ.

ನಂಬಿಕೆಗೆ ವಿಜ್ಞಾನದ ಪ್ರಮಾಣವಿಲ್ಲ ಎಂದು ಪಾಠ ಹೇಳುವವಳೂ ನಾನೇ. ಆದರೆ ಹುಟ್ಟಲಿರುವುದು ನನ್ನ ಮೊಮ್ಮಗು.

ಚೂರುಗಳಿಂದಲೇ ಕಾಲ ಹಿಡಿಯಲು ಕೂತೆ. ಒಗೆಯದ ಒಂದು ತುಂಡಿನಲ್ಲಿ ಮುದ್ರೆಯ ಅರ್ಧ ಗುರುತಿತ್ತು. ಉಳಿದರ್ಧ ನನ್ನ ಕತ್ತರಿಗೆ ಹೋಗಿದೆ. ಯುದ್ಧಕಾಲದಲ್ಲಿ, 1943ರಲ್ಲಿ, ಹತ್ತಿ ಬಟ್ಟೆ ಮತ್ತು ನೂಲಿನ ನಿಯಂತ್ರಣದ ಆಜ್ಞೆ ಬಂದ ಮೇಲೆ ಮಿಲ್ ಬಟ್ಟೆಗೆ ಬೆಲೆಯನ್ನೇ ಒತ್ತುತ್ತಿದ್ದರು. ನಮ್ಮಜ್ಜಿ 'ಕಂಟ್ರೋಲ್ ಕಾಲ' ಎನ್ನುತ್ತಿದ್ದುದು ಅದನ್ನೇ. ದಪ್ಪ ಖಾಕಿ ಚಿಕ್ಕಪ್ಪನ ಪೊಲೀಸ್ ಷರಟಿನದು, ಬಿನ್ನಿಯದೆಂದು ಅವರು ಹೆಮ್ಮೆಪಡುತ್ತಿದ್ದರು. 1884ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಮಿಲ್ಲು ಈಗಿಲ್ಲ. ಒರಟು ನೇಯ್ಗೆಯ ಸೀರೆ ಜನತಾ ಬಟ್ಟೆಯದಿರಬೇಕು. 1976ರಲ್ಲಿ ಬಡವರಿಗೆಂದು ಕೈಮಗ್ಗದಲ್ಲಿ ನೇಯಿಸಲು ತೊಡಗಿದ್ದು ಅದು. ನೀಲಿ ಚೂರುಗಳು ನಮ್ಮ ಯೂನಿಫಾರಂ.

ನನಗೆ ಬೇಕಾಗಿದ್ದದ್ದು ಹಳದಿ. ಡಬ್ಬಿಯಲ್ಲಿ ಹಳದಿಯವು ಹತ್ತೊಂಬತ್ತು. ಒಂದೊಂದರಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಟೆರಿಲಿನ್, ಟೆರಿಕಾಟ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಇಂಗ್ಲೆಂಡಿನಲ್ಲಿ 1941ರಲ್ಲಿ ಕಂಡುಹಿಡಿದ ಆ ನೂಲು ನಮ್ಮ ಅಟ್ಟ ತಲಪಿದ್ದು ಎಪ್ಪತ್ತರ ದಶಕದಲ್ಲಿ. ಮಣಿಯಾದವನ್ನು ಬಿಟ್ಟೆ. ಹೇಗೂ ಅವು ಕೌದಿಗೆ ಬೇಡ. ಒಗೆದಾಗ ಹತ್ತಿ ಕುಗ್ಗುತ್ತದೆ, ಅವು ಕುಗ್ಗವು, ಹೊಲಿಗೆ ಸುಕ್ಕಾಗುತ್ತದೆ. ದೊಡ್ಡ ಹೂವಿನವು ಸೀರೆಯವೆಂದು ತೆಗೆದೆ. ನಾಲ್ಕು ಉಳಿದವು. ಕಾಲರೋ ಗುಂಡಿಮನೆಯೋ ಇದ್ದಿದ್ದರೆ ತಿಳಿಯುತ್ತಿತ್ತು. ನಾನು ಚೌಕ ಮಾಡಿದ್ದೆನಲ್ಲ.

ಸತ್ತವರ ಬಟ್ಟೆಯ ವಿಷಯದಲ್ಲಿ ಎಲ್ಲರೂ ಅವ್ವನ ಹಾಗಲ್ಲ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಊರಿನಲ್ಲಿ 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬ ಕರಿಯ ರೈತ ಹೆಂಗಸು ತೀರಿಕೊಂಡ ಗಂಡನ ಕೆಲಸದ ಬಟ್ಟೆಗಳನ್ನೇ ಕೂಡಿಸಿ ಕೌದಿ ಹೊಲಿದು ಹೊದ್ದುಕೊಂಡಳು. ಆ ಊರಿನ ಕೌದಿಗಳು 2002ರಿಂದ ದೊಡ್ಡ ಮ್ಯೂಸಿಯಂಗಳಲ್ಲಿ ತೂಗಿದವು. ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕೌದಿ ಇನ್ನೊಂದು ಬಗೆ. ಅವರು ಅಂಚಿನಿಂದ ಹೊಲಿಯುತ್ತ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಸುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಿಸಿ 'ಫೂಲ್' ಇಡುತ್ತಾರೆ. ಈ ಸಲ ನಾನು ಹಾಗೇ ಅಂಚಿನಿಂದ ತೊಡಗಿದೆ. ಅಜ್ಜಿಯ ಸೀರೆ, ಅಪ್ಪನ ಪಂಚೆ, ಅವ್ವನ ರವಿಕೆ. ಪ್ರತಿ ತುಂಡನ್ನೂ ಅವ್ವನ ಕೈಗೆ ಕೊಟ್ಟು, ಅವಳು ಬೆರಳಲ್ಲಿ ಉಜ್ಜಿ ಹೆಸರು ಹೇಳಿದ ಮೇಲೆಯೇ ಸೂಜಿ ಹಾಕಿದೆ. ಕೆಲವು ಹೆಸರು ತಪ್ಪಿದವು. ತಿದ್ದಲಿಲ್ಲ.

ಕಡೆಗೆ ನಾಲ್ಕು ಹಳದಿ ಚೌಕಗಳನ್ನು ಅವಳ ಮಡಿಲಿಗೆ ಹಾಕಿದೆ. ತುಂಬ ಹೊತ್ತು ಒಂದೊಂದನ್ನೇ ಮುಟ್ಟಿದಳು, ಮೂಗಿಗೆ ಹಿಡಿದಳು. "ಗೊತ್ತಾಗಾಕಿಲ್ಲ ಮಗ" ಎಂದಳು. ನಾಲ್ಕನ್ನೂ ಮಡಿಸಿ, ತನ್ನ ಹಳೆಯ ರವಿಕೆಯ ತುಂಡಿನಲ್ಲಿ ಗಂಟು ಕಟ್ಟಿ, ದಿಂಬಿನ ಕೆಳಗೆ ಇಟ್ಟುಕೊಂಡಳು.

ಕೌದಿ ಬೆಂಗಳೂರಿಗೆ ಹೋಯಿತು. ಎಲ್ಲ ಬಣ್ಣವೂ ಇದೆ, ಹಳದಿ ಯಾಕಿಲ್ಲ ಎಂದು ಮಗಳು ಫೋನಿನಲ್ಲಿ ಕೇಳಿದಳು. ಹಳದಿಗೆ ಬೂಷ್ಟು ಹಿಡಿದಿತ್ತು ಎಂದೆ.