ಕುತ್ತಿಗೆಯ ಮೇಲಿನ ಕೈ

ಉಳವಿಯ ಕಡೆ ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು, ಕತ್ತು ಬಗ್ಗಿಸಿ ಗಂಟೆಗಟ್ಟಲೆ ಸುಲಿಯುವವರಿಗೆ ಕುತ್ತಿಗೆ ನೋವು ಹೊಸದಲ್ಲ. ಹೊಸದಾಗಿ ಬಂದಿರುವುದು ಅದರ ಹೆಸರು. ಎಕ್ಸ್‌ರೇ ತೆಗೆಸಿ 'ಮೂಳೆ ಸವೆದಿದೆ' ಎಂಬ ಮಾತು ಕೇಳಿದರೆ ಮುಗಿಯಿತು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಹಾಗಾಗಿ ನೋವೂ ಹೋಗುವುದಿಲ್ಲ ಎಂದು ಮನೆಮಂದಿಯೆಲ್ಲ ತೀರ್ಮಾನಿಸುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ಕತ್ತು 'ಲಟಕ್' ಎನಿಸುವ ವಿಡಿಯೊ ನೋಡಿ, ಜಾರಿದ ಮೂಳೆಯನ್ನು ಒಂದೇ ಏಟಿಗೆ ಕೂರಿಸುವವರನ್ನು ಹುಡುಕಿಕೊಂಡು ಹೊರಡುತ್ತಾರೆ. ಎರಡು ನಂಬಿಕೆಯೂ ತಪ್ಪು. ಕೈಚಿಕಿತ್ಸೆ ಇಷ್ಟು ವರ್ಷಗಳಲ್ಲಿ ಕಲಿತದ್ದು ಮೂಳೆ ಕೂರಿಸುವುದನ್ನಲ್ಲ, ಕುತ್ತಿಗೆಯನ್ನು ಮತ್ತೆ ಕೆಲಸಕ್ಕೆ ಹಚ್ಚುವುದನ್ನು.

ಉಳುಕು ತೆಗೆಯುವ ನಾಟಿ ಕೈಗಳೂ, ಕತ್ತು ಸೆಟೆಯುವ ಮನ್ಯಾಸ್ತಂಭಕ್ಕೆ ಆಯುರ್ವೇದದ ಉಪಚಾರಗಳೂ ನಮ್ಮಲ್ಲಿ ಹಿಂದಿನಿಂದ ಇವೆ. ಅಮೆರಿಕದಲ್ಲಿ 1874ರಲ್ಲಿ ಆಂಡ್ರೂ ಸ್ಟಿಲ್ ಆಸ್ಟಿಯೋಪಥಿಯನ್ನು, 1895ರಲ್ಲಿ ಡಿ.ಡಿ. ಪಾಮರ್ ಕೈರೋಪ್ರಾಕ್ಟಿಕನ್ನು ಶುರುಮಾಡಿದರು; ಎರಡೂ ಕೈಚಿಕಿತ್ಸೆಯ ಪದ್ಧತಿಗಳು. ಜಾಗ ತಪ್ಪಿದ ಬೆನ್ನುಮೂಳೆಯ ಮಣಿಯ ಕಲ್ಪನೆಗೆ ಬಲ ಬಂದದ್ದು ಅಲ್ಲಿಂದ. ಅದನ್ನು ಸಡಿಲಿಸಿದವರು ಆಸ್ಟ್ರೇಲಿಯದ ಜೆಫ್ರಿ ಮೇಟ್ಲೆಂಡ್. 1964ರಲ್ಲಿ ಬಂದ ಅವರ ಪುಸ್ತಕ, ಎಲ್ಲಿ ಬಿಗಿ, ಎಲ್ಲಿ ನೋವು ಎಂದು ಹೆಜ್ಜೆಹೆಜ್ಜೆಗೂ ರೋಗಿಯನ್ನು ಕೇಳುತ್ತ ಹದವರಿತು ಒತ್ತುವುದನ್ನು ಕಲಿಸಿತು. ನ್ಯೂಜಿಲೆಂಡಿನ ಬ್ರಯಾನ್ ಮಲ್ಲಿಗನ್ ಇನ್ನೂ ಮುಂದೆ ಹೋದರು: ಚಿಕಿತ್ಸಕನ ಬೆರಳು ಮಣಿಯನ್ನು ನವಿರಾಗಿ ಜಾರಿಸುತ್ತಿರುವಾಗ ಕತ್ತು ತಿರುಗಿಸಬೇಕಾದವರು ರೋಗಿಯೇ.

ನಿಜವಾದ ತಿರುವು ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಗ್ವೆಂಡೊಲೆನ್ ಜಲ್ ಮತ್ತು ಸಂಗಡಿಗರದು ಎಂಬುದು ನನ್ನ ನಿಲುವು. ಅವರ ಪರೀಕ್ಷೆ ನೋಡಲು ಬಲು ಸಾಧಾರಣ. ಅಂಗಾತ ಮಲಗಿದವರ ಕತ್ತಿನ ಕೆಳಗೆ ಗಾಳಿ ತುಂಬಿದ ಸಣ್ಣ ಚೀಲ. ಅದರ ಒತ್ತಡ ತೋರಿಸುವ ಮೀಟರಿನ ಮುಳ್ಳು 20ರಲ್ಲಿ. ತಲೆ ಎತ್ತದೆ, ಹೌದೆಂದು ತಲೆದೂಗುವಷ್ಟೇ ಗದ್ದ ಬಾಗಿಸಿ ಮುಳ್ಳನ್ನು 22, 24 ಎಂದು 30ರವರೆಗೆ ಏರಿಸಿ ಹಿಡಿಯಬೇಕು. ನೋವಿರುವವರಲ್ಲಿ ಕತ್ತಿನ ಒಳಪದರದ ಸ್ನಾಯು ಸೋತು, ಮೇಲ್ಪದರದ್ದು ಸೆಟೆದು ನಿಲ್ಲುತ್ತದೆ. ಸವೆತಕ್ಕೆ ಮದ್ದಿಲ್ಲದಿರಬಹುದು, ಈ ಸೋಲಿಗಿದೆ. ಕತ್ತಿನಿಂದ ಹುಟ್ಟುವ ತಲೆನೋವಿದ್ದ 200 ಜನರ ಮೇಲೆ ಈ ತಂಡ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೈಚಿಕಿತ್ಸೆ, ವ್ಯಾಯಾಮ ಎರಡೂ ಫಲ ಕೊಟ್ಟವು. ವರ್ಷ ಕಳೆದರೂ ಗುಣ ಉಳಿದಿತ್ತು.

ಸವೆದ ಮೂಳೆಗೆ ಕೈಯಿಂದ ಏನಾದೀತು ಎಂದು ಕೇಳುವವರಿದ್ದಾರೆ. ನೋವೇ ಇಲ್ಲದ 1211 ಜನರನ್ನು ಜಪಾನಿನಲ್ಲಿ ಎಂ.ಆರ್.ಐ. ಮಾಡಿ ನೋಡಿದಾಗ, ಶೇಕಡಾ 87.6 ಮಂದಿಯ ಕತ್ತಿನ ಡಿಸ್ಕ್ ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಹಾಗೆಯೇ. ಚಿತ್ರದಲ್ಲಿ ಕಾಣುವ ಸವೆತವೇ ನೋವಿನ ಅಳತೆಯಲ್ಲ ಎಂದಾಯಿತು. ಕೈಯ ಗುಣ ನಾಲ್ಕು ದಿನದ್ದಲ್ಲವೇ ಎಂಬ ಇನ್ನೊಂದು ಆಕ್ಷೇಪದಲ್ಲಿ ನಿಜಾಂಶವಿದೆ. ನೆದರ್ಲೆಂಡ್ಸಿನಲ್ಲಿ ಕುತ್ತಿಗೆ ನೋವಿನ 183 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಏಳನೇ ವಾರಕ್ಕೆ ಕೈಚಿಕಿತ್ಸೆಯಿಂದ ಗುಣವಾದವರು ಶೇಕಡಾ 68, ಸಾಮಾನ್ಯ ವೈದ್ಯರ ಆರೈಕೆಯಿಂದ ಗುಣವಾದವರು ಶೇಕಡಾ 36. ವರ್ಷ ತುಂಬುವಾಗ ಆ ಅಂತರ ಬಹಳ ಕಿರಿದಾಗಿತ್ತು. ಅಮೆರಿಕದ ಬ್ರಾನ್‌ಫೋರ್ಟ್ ತಂಡ ಹಳೆಯ ನೋವಿನ 191 ಜನರನ್ನು ಪರೀಕ್ಷಿಸಿದಾಗ, ಬರೀ ಕೈಚಿಕಿತ್ಸೆ ಪಡೆದವರಿಗಿಂತ ವ್ಯಾಯಾಮವನ್ನೂ ಮಾಡಿದವರು ಮುಂದಿದ್ದರು. ಕೈ ಬಾಗಿಲು ತೆರೆಯುತ್ತದೆ, ಒಳಗೆ ನಡೆಯಬೇಕಾದವರು ರೋಗಿ. ವ್ಯಾಯಾಮ ಹೇಳಿಕೊಡದೆ ತಿಂಗಳುಗಟ್ಟಲೆ ನೀವಿ ಕಳಿಸುವುದು ಚಿಕಿತ್ಸೆಯಲ್ಲ.

ಮೇಲಿನ ಪ್ರಯೋಗಗಳೆಲ್ಲ ನಡೆದದ್ದು ಶ್ರೀಮಂತ ದೇಶಗಳಲ್ಲಿ. ಹೊರೆ ಹೊರುವ, ಅಡಿಕೆ ಸುಲಿಯುವ ಕುತ್ತಿಗೆಗಳು ಆ ಲೆಕ್ಕದಲ್ಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ವರ್ಷವೂ ಸ್ನಾತಕೋತ್ತರ ಫಿಸಿಯೋಥೆರಪಿ ಪ್ರಬಂಧಗಳು ಸಿದ್ಧವಾಗುತ್ತವೆ. ಅವುಗಳಲ್ಲಿ ಕೆಲವಾದರೂ ಸೊರಬ, ಶಿಕಾರಿಪುರದ ಅಡಿಕೆ ಚಪ್ಪರದ ಕೆಳಗೆ ಶುರುವಾಗಲಿ. ಅಲ್ಲಿಯವರೆಗೆ ಓದುಗರು ಇಷ್ಟು ನೆನಪಿಡಬೇಕು: ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡೆಯುವಾಗ ಕಾಲು ತೂರಾಡಿದರೆ, ಅದು ಬೆನ್ನುಹುರಿ ಒತ್ತಿಕೊಂಡಿರುವ ಸೂಚನೆಯಾಗಿರಬಹುದು. ಆಗ ಯಾರ ಕೈಗೂ ಕತ್ತು ಕೊಡದೆ ನೇರ ಆಸ್ಪತ್ರೆಗೆ ಹೋಗಿ.