ಎಲೀನರ್ ರಿಗ್ಬಿ

ಎಲೀನರ್ ರಿಗ್ಬಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ದ ಬೀಟಲ್ಸ್ ತಂಡವು 1966ರ ಆಗಸ್ಟ್ 5ರಂದು ಬಿಡುಗಡೆ ಮಾಡಿದ ಗೀತೆ. ಇದು 'ಯೆಲ್ಲೋ ಸಬ್‌ಮರೀನ್' ಗೀತೆಯೊಡನೆ ಸಿಂಗಲ್ ಧ್ವನಿಮುದ್ರಿಕೆಯಾಗಿಯೂ, ಅದೇ ದಿನ 'ರಿವಾಲ್ವರ್' ಆಲ್ಬಂನ ಭಾಗವಾಗಿಯೂ ಹೊರಬಂದಿತು. ರಚನಕಾರರೆಂದು ಲೆನ್ನನ್ ಮತ್ತು ಮೆಕಾರ್ಟ್ನಿ ಇಬ್ಬರ ಹೆಸರೂ ಇದೆ. ಪ್ರಧಾನ ಕರ್ತೃ ಪಾಲ್ ಮೆಕಾರ್ಟ್ನಿ. ಬೀಟಲ್ಸ್ ತಂಡದ ನಾಲ್ವರಲ್ಲಿ ಒಬ್ಬರೂ ಇದರಲ್ಲಿ ವಾದ್ಯ ನುಡಿಸಿಲ್ಲ. ಗಿಟಾರ್, ಡ್ರಮ್ಸ್ ಇಲ್ಲದ ಈ ಗೀತೆಗೆ ಎಂಟು ತಂತಿವಾದ್ಯಗಳಷ್ಟೇ ಹಿಮ್ಮೇಳ. ಪಾಶ್ಚಾತ್ಯ ಶಾಸ್ತ್ರೀಯ ವಾದ್ಯಗಳನ್ನು ಜನಪ್ರಿಯ ಗೀತೆಗೆ ಅಳವಡಿಸುವ ಬರೋಕ್ ಪಾಪ್ ಮತ್ತು ಚೇಂಬರ್ ಪಾಪ್ ಪ್ರಕಾರಗಳ ಆರಂಭಿಕ ಮಾದರಿಗಳಲ್ಲಿ ಇದನ್ನು ಎಣಿಸಲಾಗುತ್ತದೆ.

ವಸ್ತು ಮತ್ತು ಸಂಗೀತ

ಒಂಟಿಯಾಗಿ ಬದುಕಿ ಚರ್ಚಿನಲ್ಲಿ ಸಾಯುವ ಹೆಂಗಸು, ಕೇಳುವವರಿಲ್ಲದ ಪ್ರವಚನ ಬರೆಯುವ ಪಾದ್ರಿ, ಇವರಿಬ್ಬರು ಇಲ್ಲಿನ ಪಾತ್ರಗಳು. ಪ್ರೇಮಗೀತೆಗಳಿಂದ ಹೆಸರಾದ ತಂಡವೊಂದು ಮುಪ್ಪು, ಮರಣ ಮತ್ತು ಒಂಟಿತನಗಳನ್ನು ಇಷ್ಟು ನಿರ್ಭಾವುಕವಾಗಿ ಹಾಡಿದ್ದು ಆ ಕಾಲಕ್ಕೆ ಹೊಸದಾಗಿತ್ತು. ಗೀತೆಗೆ ಎರಡೇ ಸ್ವರಮೇಳಗಳು ಆಧಾರ: ಇ ಮೈನರ್ ಮತ್ತು ಸಿ ಮೇಜರ್. ಧಾಟಿಯ ಕೆಲವು ಭಾಗಗಳು ಡೋರಿಯನ್ ಶ್ರೇಣಿಯಲ್ಲಿವೆ. ಇದರ ಸ್ವರಗಳು ಕರ್ನಾಟಕ ಸಂಗೀತದ ಖರಹರಪ್ರಿಯ ಮೇಳದವೇ ಆಗಿವೆ.

ಧ್ವನಿಮುದ್ರಣ

ಲಂಡನ್ನಿನ ಅಬೆ ರೋಡಿನಲ್ಲಿರುವ ಇಎಂಐ ಸ್ಟುಡಿಯೋದಲ್ಲಿ 1966ರ ಏಪ್ರಿಲ್ 28ರಂದು ವಾದ್ಯಭಾಗವನ್ನು ಮುದ್ರಿಸಲಾಯಿತು. ನಿರ್ಮಾಪಕ ಜಾರ್ಜ್ ಮಾರ್ಟಿನ್ ನಾಲ್ಕು ಪಿಟೀಲು, ಎರಡು ವಯೋಲಾ ಹಾಗೂ ಎರಡು ಚೆಲೋಗಳಿಗೆ ಸ್ವರಲಿಪಿ ಬರೆದು ತಾವೇ ನಿರ್ದೇಶಿಸಿದರು. ಚಲನಚಿತ್ರ ಸಂಗೀತಗಾರ ಬರ್ನಾರ್ಡ್ ಹರ್ಮನ್ ಅವರ ಪ್ರಭಾವವನ್ನು ಮಾರ್ಟಿನ್ ಒಪ್ಪಿಕೊಂಡಿದ್ದಾರೆ. 1965ರ 'ಯೆಸ್ಟರ್‌ಡೇ' ಗೀತೆಯಲ್ಲಿ ತಂತಿವಾದ್ಯಗಳು ಗಿಟಾರಿನ ಹಿಂದೆ ಮೃದುವಾಗಿ ನಿಂತಿದ್ದರೆ, ಇಲ್ಲಿ ಕಮಾನಿನ ಗಿಡ್ಡ, ಬಿರುಸಾದ ಹೊಡೆತಗಳೇ ಲಯವನ್ನು ನಡೆಸುತ್ತವೆ.

ಈ ಬಿರುಸಿನ ಶ್ರೇಯಸ್ಸು ಮಾರ್ಟಿನ್ ಅವರೊಬ್ಬರದೇ ಅಲ್ಲ. ಶಾಸ್ತ್ರೀಯ ಮುದ್ರಣದಲ್ಲಿ ಮೈಕ್ರೋಫೋನನ್ನು ವಾದಕರಿಂದ ದೂರವಿಡುವುದು ರೂಢಿ. ತಂತ್ರಜ್ಞ ಜೆಫ್ ಎಮರಿಕ್ ಅದನ್ನು ತಂತಿಗಳಿಗೆ ತಾಗುವಷ್ಟು ಹತ್ತಿರ ತಂದರು. ತಮ್ಮ ಸಣ್ಣ ತಪ್ಪೂ ಕೇಳಿಸೀತೆಂದು ಅಳುಕಿದ ವಾದಕರು ಮೆಲ್ಲಗೆ ಕುರ್ಚಿಗಳನ್ನು ಹಿಂದಕ್ಕೆ ಸರಿಸುತ್ತಿದ್ದರೆಂದು ಎಮರಿಕ್ ನೆನಪಿಸಿಕೊಂಡಿದ್ದಾರೆ. ಸ್ವರವನ್ನು ನಡುಗಿಸುವ ವೈಬ್ರಾಟೋ ಬೇಕೇ ಬೇಡವೇ ಎಂದು ತಿಳಿಯಲು ಎರಡು ಬಗೆಯಲ್ಲೂ ನುಡಿಸಿ ನೋಡಲಾಯಿತು. ಮೆಕಾರ್ಟ್ನಿಗೆ ದೊಡ್ಡ ವ್ಯತ್ಯಾಸ ಕೇಳಿಸಲಿಲ್ಲ; ಕೊನೆಗೆ ನಡುಕವಿಲ್ಲದ ಶುಷ್ಕ ನಾದವೇ ಉಳಿಯಿತು. 14ನೆಯ ಪ್ರಯತ್ನವನ್ನು ಆಯ್ದುಕೊಳ್ಳಲಾಯಿತು. ಎಂಟು ವಾದ್ಯಗಳಿಂದಲೇ ಟೇಪಿನ ನಾಲ್ಕೂ ಪಥಗಳು ತುಂಬಿದ್ದರಿಂದ, ಗಾಯನಕ್ಕೆ ಜಾಗ ಮಾಡಲು ಅವನ್ನು ಕುಗ್ಗಿಸಿ ಮರುಮುದ್ರಿಸಬೇಕಾಯಿತು. ಮರುದಿನ ಮೆಕಾರ್ಟ್ನಿ ಹಾಡಿದರು. ಜಾನ್ ಲೆನ್ನನ್ ಮತ್ತು ಜಾರ್ಜ್ ಹ್ಯಾರಿಸನ್ ದನಿಗೂಡಿಸಿದರು. ಜೂನ್ 6ರಂದು ಮೆಕಾರ್ಟ್ನಿ ಇನ್ನೊಂದು ದನಿಯನ್ನು ಸೇರಿಸಿದರು. ಗೀತೆಯ ಚಹರೆಯನ್ನೇ ರೂಪಿಸಿದ ಎಂಟು ವಾದಕರು ದಿನಗೂಲಿಯಂಥ ಸಂಭಾವನೆಗೆ ಬಂದು ಹೋದವರು.

ಹೆಸರಿನ ಮೂಲ

'ಎಲೀನರ್' ಎಂಬುದು ನಟಿ ಎಲೀನರ್ ಬ್ರಾನ್ ಅವರಿಂದಲೂ, 'ರಿಗ್ಬಿ' ಬ್ರಿಸ್ಟಲ್ ನಗರದ ಒಂದು ಅಂಗಡಿಯ ಫಲಕದಿಂದಲೂ ಬಂದವೆಂದು ಮೆಕಾರ್ಟ್ನಿ ಹೇಳಿದ್ದಾರೆ. ಆದರೆ ಲಿವರ್‌ಪೂಲಿನ ವೂಲ್ಟನ್‌ನಲ್ಲಿರುವ ಸೇಂಟ್ ಪೀಟರ್ಸ್ ಚರ್ಚಿನ ಸ್ಮಶಾನದಲ್ಲಿ, 1939ರಲ್ಲಿ ತೀರಿಕೊಂಡ ಇದೇ ಹೆಸರಿನ ಮಹಿಳೆಯ ಸಮಾಧಿಯಿದೆ. ಲೆನ್ನನ್ ಮತ್ತು ಮೆಕಾರ್ಟ್ನಿ 1957ರಲ್ಲಿ ಮೊದಲು ಭೇಟಿಯಾದದ್ದು ಇದೇ ಚರ್ಚಿನ ಉತ್ಸವದಲ್ಲಿ. ಹೆಸರು ಅರಿವಿಲ್ಲದೆ ಮನಸ್ಸಿನಲ್ಲಿ ಉಳಿದಿದ್ದೀತೆಂದು ಮೆಕಾರ್ಟ್ನಿ ಒಪ್ಪಿದ್ದಾರೆ.

ಸ್ವಾಗತ

ಸಿಂಗಲ್ ಬ್ರಿಟನ್ನಿನಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 'ಎಲೀನರ್ ರಿಗ್ಬಿ' 11ನೆಯ ಸ್ಥಾನಕ್ಕೇರಿತು. ಗಾಯನಕ್ಕಾಗಿ ಮೆಕಾರ್ಟ್ನಿಗೆ ಗ್ರ್ಯಾಮಿ ಪ್ರಶಸ್ತಿ ಸಂದಿತು. ರೇ ಚಾರ್ಲ್ಸ್ ಮತ್ತು ಅರೀಥಾ ಫ್ರಾಂಕ್ಲಿನ್ ಇದನ್ನು ತಮ್ಮ ಶೈಲಿಯಲ್ಲಿ ಹಾಡಿದ್ದಾರೆ. 1982ರಲ್ಲಿ ಲಿವರ್‌ಪೂಲಿನ ಸ್ಟ್ಯಾನ್ಲಿ ಬೀದಿಯಲ್ಲಿ, ಗಾಯಕ ಟಾಮಿ ಸ್ಟೀಲ್ ರೂಪಿಸಿದ ಎಲೀನರ್ ರಿಗ್ಬಿಯ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಬೆಂಚಿನ ಮೇಲೆ ಆಕೆ ಒಬ್ಬಳೇ ಕುಳಿತಿದ್ದಾಳೆ.